ಕೆರೆದಂಡೆಯ ಜನರ ತಲೆಯ ಮೇಲೆ ಮರದೆತ್ತರದಲ್ಲಿ ಹಾರುವ ಸಣ್ಣ ವಿಮಾನ: ಇದಕ್ಕೆ ನಿಯಮವಿಲ್ಲವೇ?

ಪ್ರಶ್ನೆ (ಬರೆದವರು: ಕೆರೆದಂಡೆ ನಿವಾಸಿ, ಫ್ಲಾರಿಡಾ)

ಎಲ್ಲರಿಗೂ ನಮಸ್ಕಾರ. ನಾವು ಫ್ಲಾರಿಡಾದ ಟ್ಯಾಂಪಾ ನಗರದಿಂದ ಸುಮಾರು ಮುಕ್ಕಾಲು ಗಂಟೆಯ ದಾರಿಯಲ್ಲಿರುವ ಒಂದು ಕೆರೆಯ ದಂಡೆಯ ಬಡಾವಣೆಯಲ್ಲಿ ವಾಸವಾಗಿದ್ದೇವೆ. ಕೆರೆಗೆ ಹೊಂದಿಕೊಂಡು ಒಂದು ಸಾರ್ವಜನಿಕ ಉದ್ಯಾನವಿದ್ದು, ವಾರಾಂತ್ಯದಲ್ಲಿ ಅಲ್ಲಿ ಮಕ್ಕಳು ಈಜುತ್ತಾರೆ, ದೊಡ್ಡವರು ಕಯಾಕ್ ದೋಣಿಗಳಲ್ಲಿ ಸುತ್ತುತ್ತಾರೆ. ಕಳೆದ ಬೇಸಿಗೆಯಿಂದ ಒಂದು ಸಣ್ಣ ವಿಮಾನವು ಸಂಜೆಯ ಹೊತ್ತಿಗೆ ಬಂದು, ದಂಡೆಯ ಉದ್ದಕ್ಕೂ ತೀರಾ ಕೆಳಗೆ ಹಾರಿ, ಕೆರೆಯ ತುದಿಯಲ್ಲಿ ರೆಕ್ಕೆಯನ್ನು ಬಹುತೇಕ ನೇರವಾಗಿ ನಿಲ್ಲಿಸಿದಂತೆ ಓರೆಯಾಗಿ ತಿರುಗಿ, ಮತ್ತೆ ಅದೇ ದಾರಿಯಲ್ಲಿ ಹಿಂದಿರುಗುತ್ತಿದೆ.

ನಾನು ಅತಿಶಯೋಕ್ತಿಯಿಂದ ಬರೆಯುತ್ತಿಲ್ಲ. ಕಳೆದ ಭಾನುವಾರ ಅದು ದಂಡೆಯ ಸೈಪ್ರೆಸ್ ಮರಗಳ ತುದಿಗಿಂತ ಕೆಳಗಿತ್ತು. ಪೈಲಟ್ ಧರಿಸಿದ್ದ ಹೆಡ್‌ಸೆಟ್ಟಿನ ಬಣ್ಣ ಹಸಿರು ಎಂಬುದು ನನಗೆ ಬರಿಗಣ್ಣಿಗೆ ಕಂಡಿತು. ಅವರು ನಮ್ಮ ಕಡೆಗೆ ಕೈಬೀಸಿದರು. ದಡದಲ್ಲಿದ್ದ ಕೆಲವರು ಚಪ್ಪಾಳೆ ತಟ್ಟಿದರು. ಶಿವಮೊಗ್ಗದಿಂದ ಬಂದಿರುವ ನಮ್ಮ ಅತ್ತೆಯವರು ಮೊಮ್ಮಗಳನ್ನು ಎಳೆದುಕೊಂಡು ಮರದ ಕೆಳಗೆ ಓಡಿದರು, ಮತ್ತು ಆ ಘಳಿಗೆಯಲ್ಲಿ ವಿವೇಕದಿಂದ ವರ್ತಿಸಿದವರು ಅವರೊಬ್ಬರೇ ಎಂದು ನನಗೆ ಅನ್ನಿಸುತ್ತದೆ.

ಬಡಾವಣೆಯ ನಿವಾಸಿಗಳ ಸಂಘದಲ್ಲಿ ವಿಷಯ ಎತ್ತಿದಾಗ, ಆಕಾಶ ಯಾರ ಸ್ವತ್ತೂ ಅಲ್ಲ, ನೀರಿನ ಮೇಲೆ ಇಳಿಯುವ ವಿಮಾನಗಳು ಈ ರಾಜ್ಯದಲ್ಲಿ ಸಾಮಾನ್ಯ, ಸುಮ್ಮನೆ ದೊಡ್ಡದು ಮಾಡಬೇಡಿ ಎಂಬ ಉತ್ತರ ಬಂದಿತು. ಸ್ಥಳೀಯ ಪೊಲೀಸರು ಸೌಜನ್ಯದಿಂದ ಕೇಳಿಸಿಕೊಂಡು, ಇದು ತಮ್ಮ ವ್ಯಾಪ್ತಿಯಲ್ಲ ಎಂದರು. ಹೀಗೆ ಹಾರುವುದು ನಿಜಕ್ಕೂ ಕಾನೂನುಬದ್ಧವೇ? ಕನಿಷ್ಠ ಎತ್ತರವೆಂಬುದು ಇದೆಯೇ? ಇದ್ದರೆ, ಆ ಎತ್ತರವನ್ನು ಮೀರಿ ಕೆಳಗೆ ಬಂದರೆಂದು ನೆಲದ ಮೇಲಿರುವ ಸಾಮಾನ್ಯರು ಹೇಗೆ ತೋರಿಸಬೇಕು? ವಿಮಾನಯಾನದಲ್ಲಿ ಕೆಲಸ ಮಾಡಿದವರು ಇಲ್ಲಿದ್ದರೆ ದಯವಿಟ್ಟು ತಿಳಿಸಿ.

ಉತ್ತರ 1 (ಬರೆದವರು: ನಿವೃತ್ತ ಹಾರಾಟ ಬೋಧಕ)

ಮೇಡಂ, ನೀವು ದೊಡ್ಡದು ಮಾಡುತ್ತಿಲ್ಲ. ನಾನು ಜಕ್ಕೂರಿನಲ್ಲಿ ಹಾರಾಟ ಕಲಿತು, ಮುಂದೆ ಅಮೆರಿಕದಲ್ಲಿ ಬಹಳ ವರ್ಷ ತರಬೇತಿ ನೀಡಿದವನು. ನೀವು ವರ್ಣಿಸಿರುವುದು ನಿಜವೇ ಆಗಿದ್ದರೆ, ಅದು ನಿಯಮಕ್ಕೂ ವಿರುದ್ಧ, ಅದಕ್ಕಿಂತ ಹೆಚ್ಚಾಗಿ ಭೌತವಿಜ್ಞಾನಕ್ಕೆ ಸವಾಲು ಹಾಕುವ ಕೆಲಸ.

ಮೊದಲು ನಿಯಮ. ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆಯಾದ ಫೆಡರಲ್ ಏವಿಯೇಷನ್ ಅಡ್ಮಿನಿಸ್ಟ್ರೇಷನ್, ಅಂದರೆ ಎಫ್‌ಎಎ, ತನ್ನ ನಿಯಮಾವಳಿಯ 91.119ನೇ ವಿಧಿಯಲ್ಲಿ ಕನಿಷ್ಠ ಎತ್ತರವನ್ನು ಹೇಳಿದೆ. ಜನನಿಬಿಡ ಪ್ರದೇಶದ ಮೇಲೆ ಅಥವಾ ಬಯಲಿನಲ್ಲಿ ಸೇರಿದ ಜನಸಮೂಹದ ಮೇಲೆ ಹಾರುವಾಗ, ಸುತ್ತಲಿನ 2000 ಅಡಿ ವ್ಯಾಪ್ತಿಯಲ್ಲಿರುವ ಅತ್ಯಂತ ಎತ್ತರದ ಕಟ್ಟಡ ಅಥವಾ ಮರಕ್ಕಿಂತ 1000 ಅಡಿ ಮೇಲಿರಬೇಕು. ಜನಸಂದಣಿ ಇಲ್ಲದ ಕಡೆ ನೆಲದಿಂದ 500 ಅಡಿ ಮೇಲಿರಬೇಕು. ತೆರೆದ ನೀರಿನ ಮೇಲೆ ಮತ್ತು ವಿರಳ ವಸತಿಯ ಪ್ರದೇಶಗಳ ಮೇಲೆ ಇದಕ್ಕಿಂತ ಕೆಳಗೆ ಬರಬಹುದಾದರೂ, ಯಾವುದೇ ವ್ಯಕ್ತಿ, ದೋಣಿ, ವಾಹನ ಅಥವಾ ಕಟ್ಟಡಕ್ಕೆ 500 ಅಡಿಗಿಂತ ಹತ್ತಿರ ಬರುವಂತಿಲ್ಲ. ಕೆರೆಯ ನಡುವೆ, ಸುತ್ತ ಯಾವ ದೋಣಿಯೂ ಇಲ್ಲದಿರುವಾಗ ಇಪ್ಪತ್ತು ಅಡಿ ಎತ್ತರದಲ್ಲಿ ಹಾರಿದರೂ ಅದೊಂದೇ ಕಾರಣಕ್ಕೆ ತಪ್ಪಾಗದು. ಈಜುವ ಮಕ್ಕಳ ಮೇಲೆ ಹಾಗೆ ಹಾರುವುದು ಖಂಡಿತ ತಪ್ಪು. ಇವೆಲ್ಲಕ್ಕೂ ಮೇಲಾಗಿ, ಎಲ್ಲಿ ಹಾರಿದರೂ ಎಂಜಿನ್ ನಿಂತರೆ ಕೆಳಗಿನವರಿಗೆ ಅಪಾಯವಾಗದಂತೆ ಇಳಿಯಲು ಸಾಕಾಗುವಷ್ಟು ಎತ್ತರ ಇರಲೇಬೇಕೆಂದು ಅದೇ ವಿಧಿ ಹೇಳುತ್ತದೆ. ಅಜಾಗರೂಕ ಹಾರಾಟವನ್ನು 91.13ನೇ ವಿಧಿ ಪ್ರತ್ಯೇಕವಾಗಿ ನಿಷೇಧಿಸಿದೆ.

ನಿಮ್ಮ ಸಂಘದವರು ಹೇಳಿದ ಸೀಪ್ಲೇನ್ ಮಾತಿನಲ್ಲಿ ಅರ್ಧ ಸತ್ಯವಿದೆ. ಏರುವುದಕ್ಕೆ ಮತ್ತು ಇಳಿಯುವುದಕ್ಕೆ ಅಗತ್ಯವಿದ್ದಾಗ ಈ ಎತ್ತರದ ಮಿತಿ ಅನ್ವಯಿಸುವುದಿಲ್ಲ. ಆದರೆ ಇಳಿಯುವ ಉದ್ದೇಶವೇ ಇಲ್ಲದೆ ದಂಡೆಯುದ್ದಕ್ಕೂ ಸಾಗಿ ಕೈಬೀಸಿ ಹೋಗುವುದಕ್ಕೆ ಆ ವಿನಾಯಿತಿ ಸಿಗದು. 2019ರಲ್ಲಿ ನೆವಾಡಾದಲ್ಲಿ ಒಬ್ಬ ಪೈಲಟ್ ಸ್ನೇಹಿತರ ಜಾಗದ ಮೇಲೆ ಕೆಳಗೆ ಹಾರಿ, ಇಳಿಯಲು ಜಾಗ ಸರಿಯಿದೆಯೇ ಎಂದು ಪರಿಶೀಲಿಸುತ್ತಿದ್ದೆ ಎಂದು ವಾದಿಸಿದರು. ಆ ಜಾಗವೇ ಇಳಿಯಲು ಯೋಗ್ಯವಾಗಿರಲಿಲ್ಲ, ಆದ್ದರಿಂದ ಅಷ್ಟು ಕೆಳಗೆ ಹಾರುವ ಅಗತ್ಯವೂ ಇರಲಿಲ್ಲ ಎಂದು ವಾದ ತಿರಸ್ಕೃತವಾಗಿ, ಅವರ ಲೈಸೆನ್ಸ್ ಅಮಾನತಾಯಿತು.

ಈಗ ನಿಯಮದ ಹಿಂದಿರುವ ಕಾರಣ. ಬಹಳ ಜನ ಈ ಎತ್ತರದ ಮಿತಿ ಸದ್ದಿನ ಕಿರಿಕಿರಿ ತಪ್ಪಿಸಲು ಇದೆ ಎಂದುಕೊಂಡಿದ್ದಾರೆ. ವಾಸ್ತವವಾಗಿ ಅದು ಕೆಳಗಿರುವವರ ಪ್ರಾಣಕ್ಕಾಗಿ ಕಾದಿಟ್ಟ ಸಮಯ. ಸೆಸ್ನಾ 172 ಎಂಬ ಸಾಮಾನ್ಯ ನಾಲ್ಕಾಸನದ ವಿಮಾನದ ಎಂಜಿನ್ ನಿಂತರೆ, ಅದು ಇಳಿಯುವ ಪ್ರತಿ ಒಂದು ಅಡಿಗೆ ಸುಮಾರು ಒಂಬತ್ತು ಅಡಿ ಮುಂದೆ ಸಾಗುತ್ತದೆ. 1000 ಅಡಿಯಿಂದ ಎರಡೂವರೆ ಕಿಲೋಮೀಟರಿಗೂ ಹೆಚ್ಚು ದೂರ ತೇಲಿ, ಒಂದು ಖಾಲಿ ಹೊಲವನ್ನು ಹುಡುಕಿಕೊಳ್ಳಬಹುದು. 500 ಅಡಿಯಿಂದ ಸುಮಾರು 1400 ಮೀಟರ್, ನಲವತ್ತು ಸೆಕೆಂಡು. ನೂರು ಅಡಿಯಿಂದಾದರೆ 270 ಮೀಟರ್, ಎಂಟು ಸೆಕೆಂಡು. ಏನಾಯಿತೆಂದು ಗ್ರಹಿಸುವುದಕ್ಕೇ ಅದರಲ್ಲಿ ಅರ್ಧ ಮುಗಿದಿರುತ್ತದೆ. ವೇಗ ಹೆಚ್ಚಿದ್ದರೆ ಆ ವೇಗದಿಂದಲೇ ಮೇಲೇಳಬಹುದು ಎಂದು ಇಂಥ ಪೈಲಟ್‌ಗಳು ಹೇಳುತ್ತಾರೆ. ನೇರ ಹಾರಾಟದಲ್ಲಿ ಆ ಮಾತು ತಕ್ಕಮಟ್ಟಿಗೆ ಸರಿ. ನೀವು ಹೇಳಿದ ಆ ಓರೆ ತಿರುವಿನಲ್ಲಿ ಅದು ಸುಳ್ಳಾಗುತ್ತದೆ.

ಅದು ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಳವಳಕ್ಕೀಡುಮಾಡಿದ ಸಂಗತಿ. ವಿಮಾನವನ್ನು 60 ಡಿಗ್ರಿ ಓರೆಯಾಗಿಸಿ ಅದೇ ಎತ್ತರದಲ್ಲಿ ತಿರುಗಿಸಿದಾಗ ರೆಕ್ಕೆಗಳು ವಿಮಾನದ ಎರಡರಷ್ಟು ತೂಕವನ್ನು ಹೊರಬೇಕಾಗುತ್ತದೆ, ಮತ್ತು ರೆಕ್ಕೆಗಳು ಸ್ಟಾಲ್ ಆಗುವ, ಅಂದರೆ ಎತ್ತುವ ಶಕ್ತಿಯನ್ನು ಕಳೆದುಕೊಳ್ಳುವ, ವೇಗದ ಮಿತಿ ಶೇಕಡಾ 41ರಷ್ಟು ಏರುತ್ತದೆ. ನೇರ ಹಾರಾಟದಲ್ಲಿ 48 ನಾಟ್ ವೇಗದವರೆಗೆ ತಾಳುವ ವಿಮಾನ ಈ ತಿರುವಿನಲ್ಲಿ 68 ನಾಟ್ ವೇಗದಲ್ಲೇ ಕೈಬಿಡುತ್ತದೆ. ಸ್ಟಾಲ್ ಆದಾಗ ಒಂದು ರೆಕ್ಕೆ ಮೊದಲು ಕುಸಿದರೆ, ಚೇತರಿಸಿಕೊಳ್ಳುವಷ್ಟರಲ್ಲಿ ನುರಿತವರಿಗೂ ನೂರಿನ್ನೂರು ಅಡಿ ಕಳೆದುಹೋಗುತ್ತದೆ. ಆ ಎತ್ತರವೇ ಅಲ್ಲಿಲ್ಲ. ಪೈಲಟ್ ದಡದಲ್ಲಿರುವ ಜನರನ್ನು ನೋಡುತ್ತಾ ತಿರುಗುತ್ತಿರುವುದರಿಂದ, ವೇಗಮಾಪಕದ ಮೇಲೂ ಕಣ್ಣಿರುವುದಿಲ್ಲ.

ಫ್ಲಾರಿಡಾದಲ್ಲಿಯೇ ಇದಕ್ಕೆ ಹೆಸರಾಂತ ಉದಾಹರಣೆಯಿದೆ. ಪ್ರಖ್ಯಾತ ಬೇಸ್‌ಬಾಲ್ ಆಟಗಾರ ರಾಯ್ ಹ್ಯಾಲಡೆ 2017ರ ನವೆಂಬರ್ 7ರಂದು ನೀರಿನ ಮೇಲೂ ಇಳಿಯಬಲ್ಲ ತಮ್ಮ ಹೊಸ ಐಕಾನ್ ಎ5 ಎಂಬ ಸಣ್ಣ ವಿಮಾನವನ್ನು, ಟ್ಯಾಂಪಾದ ಉತ್ತರಕ್ಕಿರುವ ಕರಾವಳಿಯಲ್ಲಿ, ನೀರಿನಿಂದ ಕೆಲವೇ ಅಡಿ ಎತ್ತರದಲ್ಲಿ ಮತ್ತು ದಂಡೆಯ ಮನೆಗಳಿಗೆ ತೀರಾ ಸಮೀಪದಲ್ಲಿ ಹಾರಿಸುತ್ತಾ, ಕಡಿದಾಗಿ ಏರಿ ತಿರುಗುವಾಗ ನಿಯಂತ್ರಣ ತಪ್ಪಿ ಆಳವಿಲ್ಲದ ನೀರಿಗೆ ಬಿದ್ದು ಮೃತಪಟ್ಟರು. ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿಯ ತನಿಖೆ, ಮನಸ್ಸಿನ ಮೇಲೆ ಪರಿಣಾಮ ಬೀರುವ ಔಷಧಗಳ ಪ್ರಭಾವದಲ್ಲಿ ಕೈಗೊಂಡ ಕೆಳಮಟ್ಟದ ಉಗ್ರ ಕಸರತ್ತುಗಳನ್ನು ಕಾರಣವೆಂದು ಹೇಳಿತು. ಅದೇ ವರ್ಷದ ಮೇ ತಿಂಗಳಲ್ಲಿ ಆ ವಿಮಾನವನ್ನು ತಯಾರಿಸಿದ ಕಂಪನಿಯ ಪರೀಕ್ಷಾ ಪೈಲಟ್ ಒಬ್ಬರು ಕ್ಯಾಲಿಫೋರ್ನಿಯಾದ ಬೆರ್ರಿಯೆಸ್ಸಾ ಸರೋವರದಲ್ಲಿ ಕೆಳಗೆ ಹಾರುತ್ತಾ ತಪ್ಪು ಕಣಿವೆಯೊಳಗೆ ನುಗ್ಗಿ, ಜೊತೆಗಿದ್ದ ಸಹೋದ್ಯೋಗಿಯೊಂದಿಗೆ ಅಸುನೀಗಿದ್ದರು. ಆ ವಿಮಾನವನ್ನು ಅವರಷ್ಟು ಬಲ್ಲವರು ಕಡಿಮೆ. ತಾನು ನುರಿತವನು ಎಂಬ ಭರವಸೆ ಈ ಎತ್ತರದಲ್ಲಿ ಯಾರನ್ನೂ ಕಾಯುವುದಿಲ್ಲ.

ಉತ್ತರ 2 (ಬರೆದವರು: ಒರ್ಲ್ಯಾಂಡೊ ಕನ್ನಡಿಗ)

ಬೋಧಕರ ಮಾತಿಗೆ ಪೂರಕವಾಗಿ, ದೂರು ಕೊಡುವ ಕ್ರಮದ ಬಗ್ಗೆ ಬರೆಯುತ್ತೇನೆ. ಅದಕ್ಕೂ ಮುನ್ನ ಒಂದು ವಿಷಯವನ್ನು ಖಚಿತಪಡಿಸಿಕೊಳ್ಳಿ: ಆ ವಿಮಾನ ಸೊಳ್ಳೆ ನಿಯಂತ್ರಣ ಇಲಾಖೆಯದ್ದಲ್ಲವಷ್ಟೇ? ಫ್ಲಾರಿಡಾದ ಹಲವು ಕೌಂಟಿಗಳಲ್ಲಿ ಮುಸ್ಸಂಜೆ ಮತ್ತು ನಸುಕಿನಲ್ಲಿ ಕೆಳಮಟ್ಟದಲ್ಲಿ ಹಾರಿ ಔಷಧ ಸಿಂಪಡಿಸುವ ವಿಮಾನಗಳಿವೆ. ಹೊಲಗಳ ಮೇಲೆ ಸಿಂಪಡಿಸುವವರಿಗೂ ಪ್ರತ್ಯೇಕ ನಿಯಮಗಳಿವೆ. ಅಂಥವರು ಕೈಬೀಸುತ್ತಾ ತಿರುಗುವುದಿಲ್ಲ, ನಿಜ. ಆದರೂ ಕೌಂಟಿಯ ಸಿಂಪಡಣೆಯ ವೇಳಾಪಟ್ಟಿಯನ್ನು ಒಮ್ಮೆ ನೋಡಿಕೊಂಡರೆ ನಿಮ್ಮ ದೂರಿಗೆ ಬಲ ಬರುತ್ತದೆ.

ದೂರು ಹೋಗಬೇಕಾದದ್ದು ಎಫ್‌ಎಎಯ ಫ್ಲೈಟ್ ಸ್ಟ್ಯಾಂಡರ್ಡ್ಸ್ ಡಿಸ್ಟ್ರಿಕ್ಟ್ ಆಫೀಸಿಗೆ. ನಿಮ್ಮ ಭಾಗಕ್ಕೆ ಟ್ಯಾಂಪಾದಲ್ಲೇ ಕಚೇರಿಯಿದೆ. ದಿನಾಂಕ, ಗಂಟೆ ನಿಮಿಷ, ವಿಮಾನ ಬಂದ ದಿಕ್ಕು, ಬಣ್ಣ, ರೆಕ್ಕೆ ಮೇಲಿದೆಯೇ ಕೆಳಗಿದೆಯೇ, ಚಕ್ರವೋ ತೇಲುದೋಣಿಯೋ, ಕೆಳಗೆ ಎಷ್ಟು ಜನರಿದ್ದರು ಎಂಬುದನ್ನು ಅದೇ ದಿನ ಬರೆದಿಡಿ. ವಿಮಾನದ ಪಕ್ಕದಲ್ಲಿ 'ಎನ್' ಅಕ್ಷರದಿಂದ ಆರಂಭವಾಗುವ ನೋಂದಣಿ ಸಂಖ್ಯೆ ಇರುತ್ತದೆ. ಸಾಮಾನ್ಯ ವಿಮಾನಗಳಲ್ಲಿ ಅದು 12 ಅಂಗುಲ ಎತ್ತರದ ಅಕ್ಷರಗಳಲ್ಲಿರಬೇಕು. ಮನೆಯಲ್ಲೇ ಕಟ್ಟಿದ ವಿಮಾನಗಳಲ್ಲಿ ಅದು 3 ಅಂಗುಲ ಮಾತ್ರ ಇರಬಹುದು, ಆಗ ಕ್ಯಾಮೆರಾದ ಜೂಮ್ ಇಲ್ಲದೆ ಓದಲಾಗದು. ವಿಡಿಯೊ ತೆಗೆಯುವಾಗ ವಿಮಾನವನ್ನಷ್ಟೇ ತುಂಬಿಸಿಕೊಳ್ಳಬೇಡಿ. ಅದರೊಂದಿಗೆ ಮರ, ದೀಪದ ಕಂಬ, ದೋಣಿಕಟ್ಟೆ ಮುಂತಾದ ಎತ್ತರ ಗೊತ್ತಿರುವ ವಸ್ತು ಚೌಕಟ್ಟಿನಲ್ಲಿರಲಿ. ಎತ್ತರವನ್ನು ಲೆಕ್ಕ ಹಾಕಲು ತನಿಖಾಧಿಕಾರಿಗೆ ಬೇಕಾಗುವುದು ಅದೇ. ಮೂಲ ಕಡತವನ್ನು ಕತ್ತರಿಸದೆ ಹಾಗೆಯೇ ಉಳಿಸಿಕೊಳ್ಳಿ.

ತಡ ಮಾಡಬೇಡಿ. ಘಟನೆ ನಡೆದು ಆರು ತಿಂಗಳೊಳಗೆ ಎಫ್‌ಎಎ ಪೈಲಟ್‌ಗೆ ನೋಟಿಸ್ ಕೊಡದಿದ್ದರೆ, ಹಳೆಯ ದೂರು ಎಂಬ ಕಾರಣಕ್ಕೆ ಪ್ರಕರಣ ಬಿದ್ದುಹೋಗುವ ಸಾಧ್ಯತೆ ಇದೆ. ಸ್ಥಳೀಯ ಪೊಲೀಸರ ಮಾತೂ ಪೂರ್ತಿ ಸರಿಯಲ್ಲ: ಅಜಾಗರೂಕತೆಯಿಂದ ಅಥವಾ ಕುಡಿದು ವಿಮಾನ ಹಾರಿಸುವುದು ಫ್ಲಾರಿಡಾದ ರಾಜ್ಯ ಕಾನೂನಿನಡಿಯಲ್ಲೂ ಅಪರಾಧ.

ಕೊನೆಯದಾಗಿ, ಕೋಪದಲ್ಲಿ ಯಾರಾದರೂ ವಿಮಾನದ ಕಡೆಗೆ ಲೇಸರ್ ದೀಪ ಬಿಡುವುದಾಗಲಿ, ಡ್ರೋನ್ ಹಾರಿಸಿ ಚಿತ್ರೀಕರಿಸುವುದಾಗಲಿ ಮಾಡದಂತೆ ನೋಡಿಕೊಳ್ಳಿ. ಲೇಸರ್ ಬಿಡುವುದು ಐದು ವರ್ಷದವರೆಗೆ ಜೈಲು ಶಿಕ್ಷೆಯಾಗಬಹುದಾದ ಫೆಡರಲ್ ಅಪರಾಧ. ಅಷ್ಟು ಕೆಳಗಿರುವ ಪೈಲಟ್‌ನ ಕಣ್ಣು ಒಂದು ಕ್ಷಣ ಕುರುಡಾದರೂ ಅವರು ಬೀಳುವುದು ನಿಮ್ಮ ಮೇಲೆಯೇ.

ಉತ್ತರ 3 (ಬರೆದವರು: ಸಹಕಾರನಗರ ವಾಸಿ, ಬೆಂಗಳೂರು)

ಚರ್ಚೆ ಬಹಳ ಉಪಯುಕ್ತವಾಗಿದೆ. ನಮ್ಮ ಮನೆಯ ಮೇಲೆಯೂ ಜಕ್ಕೂರಿನ ತರಬೇತಿ ವಿಮಾನಗಳು ದಿನವೂ ಸುತ್ತುತ್ತವೆ. ಮೊಬೈಲಿನ ಫ್ಲೈಟ್‌ರಾಡಾರ್ ಆ್ಯಪ್‌ನಲ್ಲಿ ಒಮ್ಮೆ 4000 ಅಡಿ ಎಂದು ತೋರಿಸಿತು, ಆದರೆ ಕಣ್ಣಿಗೆ ಅದರ ಕಾಲು ಭಾಗವೂ ಇದ್ದಂತೆ ಕಾಣಲಿಲ್ಲ. ಆ್ಯಪ್‌ನ ಅಂಕಿಯನ್ನು ದೂರಿನಲ್ಲಿ ಸಾಕ್ಷಿಯಾಗಿ ಕೊಡಬಹುದೇ ಎಂಬುದನ್ನು ಬೋಧಕರು ತಿಳಿಸಬೇಕು.

ಭಾರತದ ಮಟ್ಟಿಗೆ, ಈ ವಿಷಯದ ಅತ್ಯಂತ ದೊಡ್ಡ ಪಾಠ ದೆಹಲಿಯಲ್ಲೇ ನಡೆದಿದೆ. 1980ರ ಜೂನ್ 23ರ ಬೆಳಿಗ್ಗೆ ಸಂಜಯ್ ಗಾಂಧಿ ಸಫ್ದರ್‌ಜಂಗ್ ನಿಲ್ದಾಣದಿಂದ ಪಿಟ್ಸ್ ಎಸ್-2ಎ ಎಂಬ ಎರಡಾಸನದ ಕಸರತ್ತಿನ ವಿಮಾನದಲ್ಲಿ ಹೊರಟು, ನಗರದ ಮೇಲೆಯೇ ಕೆಳಮಟ್ಟದಲ್ಲಿ ಸುರುಳಿ ಹೊಡೆಯುತ್ತಿದ್ದಾಗ ವಿಮಾನ ನೆಲಕ್ಕಪ್ಪಳಿಸಿತು. ಜೊತೆಗಿದ್ದ ಬೋಧಕ ಕ್ಯಾಪ್ಟನ್ ಸುಭಾಷ್ ಸಕ್ಸೇನಾ ಅವರೂ ಸತ್ತರು. ಆ ದುರಂತವನ್ನು ರಾಜಕೀಯದ ಕನ್ನಡಕದಲ್ಲೇ ನೆನೆಯುತ್ತೇವೆ. ರಾಜಧಾನಿಯ ಜನರ ನೆತ್ತಿಯ ಮೇಲೆ ಅಂಥ ಹಾರಾಟಕ್ಕೆ ಆಸ್ಪದ ಸಿಕ್ಕಿದ್ದು ಹೇಗೆ ಎಂಬ ಪ್ರಶ್ನೆ ಹಿಂದೆ ಸರಿದುಬಿಟ್ಟಿದೆ ಎಂಬುದು ನನ್ನ ಬೇಸರ.

ನಮ್ಮಲ್ಲಿಯೂ ಕಾನೂನಿದೆ. ಜನರಿಗೆ ಅಥವಾ ಆಸ್ತಿಗೆ ಅಪಾಯವಾಗುವಂತೆ ಉದ್ದೇಶಪೂರ್ವಕವಾಗಿ ವಿಮಾನ ಹಾರಿಸುವುದು 1934ರ ವಿಮಾನ ಕಾಯ್ದೆಯಡಿಯಲ್ಲೇ ಅಪರಾಧವಾಗಿತ್ತು; 2025ರ ಜನವರಿ 1ರಿಂದ ಅದರ ಜಾಗಕ್ಕೆ ಬಂದಿರುವ ಭಾರತೀಯ ವಾಯುಯಾನ ಅಧಿನಿಯಮದಲ್ಲೂ ಎರಡು ವರ್ಷದವರೆಗೆ ಸೆರೆವಾಸ ಅಥವಾ ಒಂದು ಕೋಟಿ ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಲು ಅವಕಾಶವಿದೆ.

ಉತ್ತರ 4 (ಬರೆದವರು: ನಿವೃತ್ತ ಹಾರಾಟ ಬೋಧಕ)

ಸಹಕಾರನಗರದವರ ಪ್ರಶ್ನೆ ಮುಖ್ಯವಾದದ್ದು, ಏಕೆಂದರೆ ಆ್ಯಪ್‌ನ ಅಂಕಿಯನ್ನು ಹಾಗೆಯೇ ನಂಬಿ ನಿರಪರಾಧಿಯ ಮೇಲೆ ದೂರು ಕೊಟ್ಟವರಿದ್ದಾರೆ. ಆ್ಯಪ್ ತೋರಿಸುವುದು ನೆಲದಿಂದ ಅಳೆದ ಎತ್ತರವಲ್ಲ, ಸಮುದ್ರಮಟ್ಟದ ಲೆಕ್ಕದ ಎತ್ತರ. ಬೆಂಗಳೂರಿನ ನೆಲವೇ ಸಮುದ್ರಮಟ್ಟದಿಂದ ಸುಮಾರು 3000 ಅಡಿ ಮೇಲಿದೆ. ಆದ್ದರಿಂದ ನೀವು ಕಂಡ 4000 ಎಂದರೆ ನೆಲದಿಂದ ಸುಮಾರು 1000 ಅಡಿ, ನಿಲ್ದಾಣದ ಸುತ್ತ ತರಬೇತಿ ವಿಮಾನಗಳು ಸುತ್ತುವ ವಾಡಿಕೆಯ ಎತ್ತರ. ಅದು ಶಿಸ್ತಿನ ಹಾರಾಟ.

ಫ್ಲಾರಿಡಾದ ನೆಲ ಸಮುದ್ರಮಟ್ಟಕ್ಕೆ ಹತ್ತಿರವಿರುವುದರಿಂದ ಈ ತೊಡಕು ಕಡಿಮೆ, ಆದರೆ ಇನ್ನೊಂದಿದೆ. ಆ್ಯಪ್‌ಗೆ ಬರುವ ಅಂಕಿ, ವಾಯುಭಾರ ಪಾದರಸದ ಅಳತೆಯಲ್ಲಿ 29.92 ಅಂಗುಲ ಇದೆ ಎಂದು ಭಾವಿಸಿದ ಎತ್ತರ. ಆ ದಿನದ ವಾಯುಭಾರ 30.12 ಇದ್ದರೆ, ನಿಜವಾಗಿ 500 ಅಡಿಯಲ್ಲಿರುವ ವಿಮಾನವನ್ನು ಅದು 300 ಅಡಿ ಎಂದು ತೋರಿಸುತ್ತದೆ. ಅಂಗುಲದ ಹತ್ತನೇ ಒಂದು ಭಾಗಕ್ಕೆ ನೂರು ಅಡಿಯ ವ್ಯತ್ಯಾಸವೆಂದು ನೆನಪಿಟ್ಟುಕೊಂಡು, ಹತ್ತಿರದ ನಿಲ್ದಾಣದ ಹವಾಮಾನ ವರದಿಯೊಂದಿಗೆ ಸರಿದೂಗಿಸಿಕೊಳ್ಳಬೇಕು. ಟ್ಯಾಂಪಾ ವಿಮಾನ ನಿಲ್ದಾಣದಿಂದ 30 ನಾಟಿಕಲ್ ಮೈಲಿ, ಅಂದರೆ ಸುಮಾರು 55 ಕಿಲೋಮೀಟರ್ ದೂರದೊಳಗೆ ಹಾರುವ ಬಹುತೇಕ ವಿಮಾನಗಳು ತಮ್ಮ ಸ್ಥಾನವನ್ನು ಪ್ರಸಾರ ಮಾಡಲೇಬೇಕು. ನಿಮ್ಮ ಕೆರೆ ಆ ವ್ಯಾಪ್ತಿಯೊಳಗಿದ್ದರೆ ದಾಖಲೆ ಸಿಗುವ ಸಂಭವ ಹೆಚ್ಚು. ಮರಗಳ ಮರೆಯಲ್ಲಿ ಹಾರಿದಾಗ ನೆಲದ ಗ್ರಾಹಕಗಳಿಗೆ ಸಂಕೇತ ಸಿಗದೆ ಕೊನೆಯ ಕೆಲವು ನಿಮಿಷ ಕಾಣದೆಯೂ ಹೋಗಬಹುದು.

ಕಣ್ಣಳತೆಗೆ ಒಂದು ಉಪಾಯ ಹೇಳುತ್ತೇನೆ. ಸೆಸ್ನಾ 172ರ ರೆಕ್ಕೆಗಳ ಉದ್ದ ತುದಿಯಿಂದ ತುದಿಗೆ 11 ಮೀಟರ್. ವಿಮಾನ ನೆತ್ತಿಯ ಮೇಲಿರುವಾಗ ಕೈಯನ್ನು ಪೂರ್ತಿ ಚಾಚಿ ನೋಡಿ: ರೆಕ್ಕೆಗಳು ಹೆಬ್ಬೆರಳಿನ ಅಗಲದಷ್ಟಿದ್ದರೆ ಅದು ಸುಮಾರು 1000 ಅಡಿಯಲ್ಲಿದೆ. ಮುಷ್ಟಿಯಷ್ಟು ಅಗಲವಿದ್ದರೆ ಸುಮಾರು 200 ಅಡಿ. ಇದು ನಿಖರ ಮಾಪನವಲ್ಲ, ಆದರೂ 800 ಅಡಿಯಲ್ಲಿ ಹೋದವರನ್ನು 200 ಅಡಿಯಲ್ಲಿ ಹೋದರೆಂದು ತಪ್ಪಾಗಿ ದೂರುವುದನ್ನು ತಪ್ಪಿಸುತ್ತದೆ.

ಉತ್ತರ 5 (ಬರೆದವರು: ಕೆರೆದಂಡೆ ನಿವಾಸಿ)

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಕೌಂಟಿಯ ವೇಳಾಪಟ್ಟಿ ನೋಡಿದೆ, ಆ ಭಾನುವಾರ ಸಿಂಪಡಣೆ ಇರಲಿಲ್ಲ. ನೆರೆಯವರೊಬ್ಬರ ವಿಡಿಯೊದಲ್ಲಿ ನೋಂದಣಿ ಸಂಖ್ಯೆ ಸ್ಪಷ್ಟವಾಗಿದೆ, ಹಿನ್ನೆಲೆಯಲ್ಲಿ ಉದ್ಯಾನದ ದೀಪದ ಕಂಬವೂ ಇದೆ. ಆದರೆ ಅವರೇ ಇನ್ನೊಂದು ಮಾತು ಹೇಳಿದರು: ಪೈಲಟ್ ಇದೇ ಊರಿನವರು, ಹಾರಾಟ ಅವರ ಹೊಟ್ಟೆಪಾಡು ಇರಬಹುದು, ದೂರಿನಿಂದ ಲೈಸೆನ್ಸೇ ಹೋದರೆ ಆ ಕುಟುಂಬದ ಗತಿಯೇನು ಎಂದು. ಆ ಮಾತು ನನ್ನನ್ನು ಕಾಡುತ್ತಿದೆ. ಮೊದಲು ಅವರನ್ನೇ ಕಂಡು ಮಾತನಾಡುವುದು ಸರಿಯೇ?

ಉತ್ತರ 6 (ಬರೆದವರು: ಸಸೆಕ್ಸ್ ಕನ್ನಡಿಗ, ಇಂಗ್ಲೆಂಡ್)

ಅಕ್ಕಾ, ನಾನು ಶೋರ್‌ಹ್ಯಾಮ್ ಸಮೀಪದಲ್ಲಿದ್ದೇನೆ. 2015ರ ಆಗಸ್ಟ್ 22ರಂದು ಇಲ್ಲಿನ ವೈಮಾನಿಕ ಪ್ರದರ್ಶನದಲ್ಲಿ ಒಂದು ಹಳೆಯ ಹಾಕರ್ ಹಂಟರ್ ಜೆಟ್ ಸುರುಳಿಯ ತುದಿಯಲ್ಲಿ 3500 ಅಡಿ ಇರಬೇಕಾದ ಕಡೆ 2700 ಅಡಿಯಷ್ಟೇ ತಲುಪಿ, ಕೆಳಗಿಳಿಯುವಾಗ ಎ27 ಹೆದ್ದಾರಿಯ ಮೇಲೆ ಅಪ್ಪಳಿಸಿತು. ಅದು ಅನುಮತಿ ಪಡೆದ ಪ್ರದರ್ಶನ, ನಿಮ್ಮ ಪ್ರಕರಣಕ್ಕೆ ಪೂರ್ತಿ ಹೋಲುವುದಿಲ್ಲ. ಆದರೆ ಸತ್ತ 11 ಜನರೂ ಮೈದಾನದ ಹೊರಗೆ, ರಸ್ತೆಯ ಮೇಲೆ ಮತ್ತು ಅದರ ಪಕ್ಕದಲ್ಲಿ ಇದ್ದವರು. ಪೈಲಟ್ ಬದುಕುಳಿದರು, ಕ್ರಿಮಿನಲ್ ಮೊಕದ್ದಮೆಯಲ್ಲಿ 2019ರಲ್ಲಿ ಖುಲಾಸೆಯಾದರು. ಮೃತರ ಮನೆಯವರು ಮರಣ ವಿಚಾರಣೆಯ ತೀರ್ಪಿಗಾಗಿ 2022ರ ಕೊನೆಯವರೆಗೆ ಕಾದರು. ಪೈಲಟ್‌ನ ಕುಟುಂಬದ ಬಗ್ಗೆ ಯೋಚಿಸುವ ನಿಮ್ಮ ಮನಸ್ಸು ದೊಡ್ಡದು. ಆದರೆ ದಡದಲ್ಲಿರುವ ಕುಟುಂಬಗಳಿಗೆ ಆಯ್ಕೆಯ ಅವಕಾಶವನ್ನೇ ಯಾರೂ ಕೊಟ್ಟಿಲ್ಲ.

ಉತ್ತರ 7 (ಬರೆದವರು: ನಿವೃತ್ತ ಹಾರಾಟ ಬೋಧಕ)

ಮೇಡಂ, ದೂರು ಕೊಟ್ಟ ಮಾತ್ರಕ್ಕೆ ಲೈಸೆನ್ಸ್ ಹೋಗುವುದಿಲ್ಲ. 2015ರಿಂದ ಎಫ್‌ಎಎ, ತಿಳಿಯದೆ ನಡೆದ ತಪ್ಪುಗಳಿಗೆ ಶಿಕ್ಷೆಯ ಬದಲು ಬುದ್ಧಿಮಾತು ಮತ್ತು ಮರುತರಬೇತಿಯ ದಾರಿಯನ್ನು ಹಿಡಿದಿದೆ. ಬೇಕೆಂದೇ ಮಾಡಿದ, ಅಜಾಗರೂಕ ನಡವಳಿಕೆಗೆ ಮಾತ್ರ ಕಠಿಣ ಕ್ರಮ. ಎಷ್ಟೋ ಸಲ ತನಿಖಾಧಿಕಾರಿಯ ಒಂದು ದೂರವಾಣಿ ಕರೆಯೇ ಸಾಕಾಗುತ್ತದೆ. ಹಾಗೆ ಕರೆ ಬಂದ ನಂತರ ದಾರಿಗೆ ಬಂದು, ಮುಂದೆ ಒಳ್ಳೆಯ ಪೈಲಟ್‌ಗಳಾದವರನ್ನು ನಾನು ಬಲ್ಲೆ.

ನೀವೇ ಅವರ ಮನೆಗೆ ಹೋಗಬೇಡಿ. ಮಾತು ಎಲ್ಲಿಗೆ ತಿರುಗುತ್ತದೋ ಹೇಳಲಾಗದು. ಮಾತಿನಿಂದಲೇ ಮುಗಿಯಲಿ ಎಂದಿದ್ದರೆ, ಆ ವಿಮಾನ ನಿಲ್ಲುವ ನಿಲ್ದಾಣದ ಮ್ಯಾನೇಜರ್‌ಗೆ ಅಥವಾ ಅಲ್ಲಿನ ಹಿರಿಯ ಬೋಧಕರಿಗೆ ವಿಡಿಯೊ ತೋರಿಸಿ. ಪೈಲಟ್‌ಗಳು ತಮ್ಮವರ ಮಾತನ್ನು ಬೇಗ ಕೇಳುತ್ತಾರೆ. ಆದರೆ ಅದನ್ನು ದೂರಿನ ಬದಲಿಗೆ ಮಾಡಬೇಡಿ, ದೂರಿನ ಜೊತೆಗೆ ಮಾಡಿ. ಹೆಸರು ಗೋಪ್ಯವಾಗಿರಲಿ ಎಂದು ನೀವು ಎಫ್‌ಎಎಯನ್ನು ಕೇಳಿಕೊಳ್ಳಬಹುದು. ವಿಡಿಯೊ ತೆಗೆದ ನೆರೆಯವರು ತಮ್ಮ ಹೇಳಿಕೆಯನ್ನು ತಾವೇ ಪ್ರತ್ಯೇಕವಾಗಿ ಬರೆಯಲಿ. ಇಬ್ಬರೂ ಒಂದೇ ಒಕ್ಕಣೆಯನ್ನು ನಕಲು ಮಾಡಿದರೆ ಅದಕ್ಕೆ ಒಂದು ಸಾಕ್ಷಿಯ ಬೆಲೆ ಮಾತ್ರ ಸಿಗುತ್ತದೆ. ಮುಂದಿನ ವಾರಾಂತ್ಯಕ್ಕೆ ಕಾಯದೆ ಈ ವಾರವೇ ಕಳುಹಿಸಿ, ಮತ್ತು ಅದುವರೆಗೆ ಆ ವಿಮಾನದ ಸದ್ದು ಕೇಳಿದ ಕೂಡಲೇ ಮಕ್ಕಳನ್ನು ನೀರಿನಿಂದ ಮೇಲೆ ಕರೆದುಕೊಳ್ಳಿ.